ಸಾರ್ವಜನಿಕ ಬಾಡಿಗೆ ಸೈಕಲ್: ಏರುವವರು ಯಾರು, ಎಷ್ಟು ಬಾರಿ?

ಗಂಟೆಯ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ವ್ಯವಹಾರ ಕನ್ನಡ ನಾಡಿನ ಊರುಗಳಿಗೆ ಹೊಸದಲ್ಲ. ಎರಡು ಮೂರು ದಶಕಗಳ ಹಿಂದಿನವರೆಗೂ ಬಸ್ ನಿಲ್ದಾಣದ ಬಳಿಯೋ ಪೇಟೆ ಬೀದಿಯ ತುದಿಯಲ್ಲೋ ಒಂದು ಸೈಕಲ್ ಶಾಪ್ ಇರುವುದು ವಾಡಿಕೆಯಾಗಿತ್ತು. ಗಿರಾಕಿಯ ಹೆಸರು, ಸೈಕಲ್ಲಿನ ನಂಬರು ಹಾಗೂ ಹೊರಟ ವೇಳೆಯನ್ನು ಮಾಲೀಕನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದನು. ಯಾರು ಒಯ್ಯುತ್ತಾರೆ, ವಾರಕ್ಕೆ ಎಷ್ಟು ಸಲ ಒಯ್ಯುತ್ತಾರೆ, ಯಾವ ಸೈಕಲ್ ದಿನವಿಡೀ ಗೋಡೆಗೊರಗಿ ನಿಂತಿರುತ್ತದೆ ಎಂಬುದೆಲ್ಲ ಆತನಿಗೆ ಬಾಯಿಪಾಠವಾಗಿರುತ್ತಿತ್ತು. ಅಂಗಡಿಯ ಲಾಭನಷ್ಟ ನಿಂತಿದ್ದುದೇ ಆ ತಿಳಿವಳಿಕೆಯ ಮೇಲೆ.

ಇಂದು ಅದೇ ವ್ಯವಹಾರವು ಸ್ಮಾರ್ಟ್ ಕಾರ್ಡ್ ಮತ್ತು ಮೊಬೈಲ್ ಫೋನಿನ ನೆರವಿನಿಂದ ಜಗತ್ತಿನ ನೂರಾರು ನಗರಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಸೈಕಲ್ ಹಾಗೂ ಬಿಡಿಭಾಗಗಳ ಪೂರೈಕೆ, ನಿಲ್ದಾಣಗಳ ನಿರ್ಮಾಣ, ದುರಸ್ತಿ ಗುತ್ತಿಗೆ, ಜಾಹೀರಾತು ಪ್ರಾಯೋಜಕತ್ವ ಮುಂತಾದ ರೂಪಗಳಲ್ಲಿ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಇದರಲ್ಲಿ ಅವಕಾಶಗಳಿವೆ. ಆದರೆ ಹಳೆಯ ಸೈಕಲ್ ಶಾಪಿನ ಮಾಲೀಕನು ದಿನವೂ ಕೇಳಿಕೊಳ್ಳುತ್ತಿದ್ದ ‘ಯಾರು’ ಮತ್ತು ‘ಎಷ್ಟು ಸಲ’ ಎಂಬ ಎರಡು ಪ್ರಶ್ನೆಗಳನ್ನು ಮರೆತು ಹಣ ಹೂಡಿದವರು ಹಲವು ದೇಶಗಳಲ್ಲಿ ಭಾರಿ ನಷ್ಟ ಅನುಭವಿಸಿದ್ದಾರೆ. ಆದುದರಿಂದ ಈ ಎರಡು ಪ್ರಶ್ನೆಗಳಿಗೆ ದೊರೆತಿರುವ ಉತ್ತರಗಳನ್ನು ಪರಿಶೀಲಿಸುವುದು ಉಪಯುಕ್ತ.

ವ್ಯವಸ್ಥೆಯ ಬೆಳವಣಿಗೆ

1965ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ತರುಣರ ಗುಂಪೊಂದು ಬಿಳಿ ಬಣ್ಣ ಬಳಿದ ಸೈಕಲ್ಲುಗಳನ್ನು ಬೀಗವಿಲ್ಲದೆ ಬೀದಿಯಲ್ಲಿರಿಸಿ, ಯಾರು ಬೇಕಾದರೂ ಬಳಸಬಹುದೆಂದು ಸಾರಿತು. ಆ ಪ್ರಯೋಗ ಹೆಚ್ಚು ಕಾಲ ಉಳಿಯಲಿಲ್ಲ. 1995ರಲ್ಲಿ ಕೋಪನ್‌ಹೇಗನ್ ನಗರವು ನಾಣ್ಯ ಹಾಕಿ ಸೈಕಲ್ ಬಿಡಿಸಿಕೊಳ್ಳುವ ಪದ್ಧತಿಯನ್ನು ತಂದಿತು. ಒಯ್ದವರ ಗುರುತು ದಾಖಲಾಗದ ಕಾರಣ ಕಳವು ನಿಲ್ಲಲಿಲ್ಲ. ಬಳಕೆದಾರನ ಗುರುತನ್ನು ಕಾರ್ಡಿನ ಮೂಲಕ ದಾಖಲಿಸುವ ಪದ್ಧತಿ ಬಂದ ನಂತರವೇ ಇದು ವ್ಯವಹಾರದ ರೂಪ ತಳೆಯಿತು. ಫ್ರಾನ್ಸಿನ ಲಿಯಾನ್ ನಗರದಲ್ಲಿ 2005ರಲ್ಲಿಯೂ ಪ್ಯಾರಿಸ್ಸಿನಲ್ಲಿ 2007ರ ಜುಲೈನಲ್ಲಿಯೂ ದೊಡ್ಡ ಯೋಜನೆಗಳು ಆರಂಭವಾದವು. ಪ್ಯಾರಿಸ್ಸಿನ ‘ವೆಲಿಬ್’ ಯೋಜನೆಯನ್ನು ಮೊದಲ ದಶಕದಲ್ಲಿ ನಡೆಸಿದ್ದು ಜಾಹೀರಾತು ಸಂಸ್ಥೆಯೊಂದು. ನಗರದ ಜಾಹೀರಾತು ಫಲಕಗಳ ಹಕ್ಕನ್ನು ಅದು ಪ್ರತಿಫಲವಾಗಿ ಪಡೆದಿತ್ತು. ಲಂಡನ್ 2010ರಲ್ಲಿ, ನ್ಯೂಯಾರ್ಕ್ 2013ರಲ್ಲಿ, ಮೈಸೂರು 2017ರಲ್ಲಿ ಇದೇ ಹಾದಿ ಹಿಡಿದವು.

ಇವುಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಸೈಕಲ್ಲನ್ನು ಗೊತ್ತುಪಡಿಸಿದ ನಿಲ್ದಾಣದಿಂದ ಪಡೆದು ಮತ್ತೊಂದು ನಿಲ್ದಾಣದಲ್ಲಿ ಹಿಂದಿರುಗಿಸಬೇಕು. ಎರಡನೆಯದರಲ್ಲಿ ಮೊಬೈಲ್ ಮೂಲಕ ಬೀಗ ತೆರೆದು, ಸವಾರಿ ಮುಗಿದಲ್ಲಿ ನಿಲ್ಲಿಸಿ ಹೋಗಬಹುದು. ಮೊದಲನೆಯದಕ್ಕೆ ಆರಂಭಿಕ ಬಂಡವಾಳ ಹೆಚ್ಚು. ಎರಡನೆಯದಕ್ಕೆ ನಿಗಾವಣೆಯ ಮತ್ತು ಕಳವಿನ ಹೊರೆ ಹೆಚ್ಚು.

ಬಳಕೆಯ ಅಳತೆಗೋಲು

ಹೋಟೆಲಿಗೆ ಕೊಠಡಿಗಳ ಭರ್ತಿ ಪ್ರಮಾಣ ಹೇಗೋ, ಲಾರಿಗೆ ದಿನಕ್ಕೆ ಓಡಿದ ಕಿಲೋಮೀಟರು ಹೇಗೋ, ಬಾಡಿಗೆ ಸೈಕಲ್ಲಿಗೆ ‘ದಿನಕ್ಕೆ ಒಂದು ಸೈಕಲ್ಲಿಗೆ ಎಷ್ಟು ಸವಾರಿ’ ಎಂಬುದು ಹಾಗೆ. ಸಾರಿಗೆ ಮತ್ತು ಅಭಿವೃದ್ಧಿ ನೀತಿ ಸಂಸ್ಥೆ (ಐ.ಟಿ.ಡಿ.ಪಿ.) 2013ರಲ್ಲಿ ಪ್ರಕಟಿಸಿದ ಯೋಜನಾ ಕೈಪಿಡಿಯ ಪ್ರಕಾರ ಈ ಸಂಖ್ಯೆ 4ರಿಂದ 8ರ ನಡುವೆ ಇರಬೇಕು. 4ಕ್ಕಿಂತ ಕಡಿಮೆಯಾದರೆ ಹೂಡಿದ ಹಣಕ್ಕೆ ತಕ್ಕ ಪ್ರಯೋಜನವಿಲ್ಲ. 8ನ್ನು ಮೀರಿದರೆ ಬೇಕೆಂದಾಗ ಸೈಕಲ್ ಸಿಗದೆ ಗಿರಾಕಿ ಬೇಸತ್ತು ದೂರವಾಗುತ್ತಾನೆ. ನಿಲ್ದಾಣಗಳ ನಡುವಿನ ಅಂತರ ಸುಮಾರು 300 ಮೀಟರ್ ಇರಬೇಕೆಂದೂ ಅದೇ ಕೈಪಿಡಿ ಸೂಚಿಸುತ್ತದೆ.

ಈ ಅಳತೆಗೋಲಿನಲ್ಲಿ ಸೋತ ನಗರಗಳಿಗೆ ಮೆಲ್ಬರ್ನ್ ಉತ್ತಮ ನಿದರ್ಶನ. ಅಲ್ಲಿ 2010ರಲ್ಲಿ ಆರಂಭವಾದ ಯೋಜನೆಯಲ್ಲಿ ಒಂದು ಸೈಕಲ್ಲಿಗೆ ದಿನಕ್ಕೆ ಒಂದು ಸವಾರಿಯೂ ಸರಾಸರಿ ದೊರೆಯುತ್ತಿರಲಿಲ್ಲ. ಸವಾರರು ಹೆಲ್ಮೆಟ್ ಧರಿಸುವುದು ಅಲ್ಲಿ ಕಾನೂನಿನ ಪ್ರಕಾರ ಕಡ್ಡಾಯ. ಹಠಾತ್ತನೆ ಸೈಕಲ್ ಏರಬಯಸುವವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲವಾದ ಕಾರಣ, ಕಡಿಮೆ ಬಳಕೆಗೆ ಇದನ್ನೊಂದು ಮುಖ್ಯ ಕಾರಣವೆಂದು ತಜ್ಞರು ಗುರುತಿಸಿದ್ದರು. 2019ರ ನವೆಂಬರ್‌ನಲ್ಲಿ ಆ ಯೋಜನೆ ಮುಚ್ಚಿತು. ಅಮೆರಿಕದ ಸಿಯಾಟಲ್ ನಗರದಲ್ಲಿ 2014ರಲ್ಲಿ ಆರಂಭವಾದ ಯೋಜನೆಯು ಮೂರು ವರ್ಷವನ್ನೂ ಪೂರೈಸದೆ 2017ರ ಮಾರ್ಚ್‌ನಲ್ಲಿ ನಿಂತಿತು.

ನೋಂದಣಿ ಬೇರೆ, ಸವಾರಿ ಬೇರೆ

ಯೋಜನೆಗಳ ಪ್ರಚಾರ ಸಾಹಿತ್ಯದಲ್ಲಿ ಎದ್ದು ಕಾಣುವುದು ನೋಂದಾಯಿತ ಸದಸ್ಯರ ಸಂಖ್ಯೆ. ವ್ಯವಹಾರದ ದೃಷ್ಟಿಯಿಂದ ಈ ಸಂಖ್ಯೆಗೆ ಹೆಚ್ಚಿನ ಅರ್ಥವಿಲ್ಲ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

ಒಂದು ನಗರದಲ್ಲಿ 500 ಸೈಕಲ್ಲುಗಳಿದ್ದು, 10,000 ಜನರು ತಲಾ 300 ರೂಪಾಯಿ ಠೇವಣಿ ಕಟ್ಟಿ ನೋಂದಾಯಿಸಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಇವರಲ್ಲಿ 400 ಜನರು ತಿಂಗಳಿಗೆ 25 ದಿನ, ದಿನಕ್ಕೆರಡು ಬಾರಿ ಸವಾರಿ ಮಾಡುತ್ತಾರೆ. 1,100 ಜನರು ತಿಂಗಳಿಗೆ ಎರಡು ಬಾರಿ ಮಾತ್ರ ಬರುತ್ತಾರೆ. ಉಳಿದ 8,500 ಜನರು ಬರುವುದೇ ಇಲ್ಲ. ಮೊದಲ ಗುಂಪಿನಿಂದ 20,000, ಎರಡನೆಯ ಗುಂಪಿನಿಂದ 2,200, ಒಟ್ಟು 22,200 ಸವಾರಿಗಳು ಆಗುತ್ತವೆ. ಸದಸ್ಯರಲ್ಲಿ ಶೇ. 4ರಷ್ಟಿರುವವರು ಶೇ. 90ರಷ್ಟು ಸವಾರಿಗಳನ್ನು ಮಾಡಿದಂತಾಯಿತು. 30 ದಿನಗಳ ತಿಂಗಳಿನಲ್ಲಿ ಒಂದು ಸೈಕಲ್ಲಿಗೆ ದಿನಕ್ಕೆ ಸಿಕ್ಕಿದ್ದು ಒಂದೂವರೆ ಸವಾರಿ.

ಒಂದು ಸವಾರಿಗೆ ಸರಾಸರಿ 5 ರೂಪಾಯಿ ಆದಾಯವಿದ್ದು, ದುರಸ್ತಿ, ಸಾಗಣೆ, ಸಿಬ್ಬಂದಿ ಇತ್ಯಾದಿಗಳಿಗೆ ಒಂದು ಸೈಕಲ್ಲಿಗೆ ದಿನಕ್ಕೆ 15 ರೂಪಾಯಿ ಖರ್ಚಿದ್ದರೆ, ತಿಂಗಳ ಆದಾಯ 1,11,000 ರೂಪಾಯಿ, ಖರ್ಚು 2,25,000 ರೂಪಾಯಿ. ಕೊರತೆ 1,14,000 ರೂಪಾಯಿ. ಇಲ್ಲಿ ಸವಕಳಿಯನ್ನಾಗಲಿ ಬಡ್ಡಿಯನ್ನಾಗಲಿ ಲೆಕ್ಕಕ್ಕೆ ಹಿಡಿದಿಲ್ಲ. ಆದಾಯ ಮತ್ತು ಖರ್ಚು ಸರಿದೂಗಬೇಕಾದರೆ ದಿನಕ್ಕೆ ಒಂದು ಸೈಕಲ್ಲಿಗೆ 3 ಸವಾರಿಗಳಾಗಬೇಕು.

ಆದರೂ ಬ್ಯಾಂಕ್ ಖಾತೆಯಲ್ಲಿ 30 ಲಕ್ಷ ರೂಪಾಯಿ ಠೇವಣಿ ಇರುವುದರಿಂದ ವ್ಯವಹಾರ ಸಮೃದ್ಧವಾಗಿರುವಂತೆ ತೋರುತ್ತದೆ. ಅದು ಇಪ್ಪತ್ತೇಳು ತಿಂಗಳ ಬಾಡಿಗೆ ಆದಾಯಕ್ಕೆ ಸಮ. ಠೇವಣಿಯು ಗಿರಾಕಿಗೆ ಹಿಂದಿರುಗಿಸಬೇಕಾದ ಸಾಲ. ಅದನ್ನು ಗಳಿಕೆ ಎಂದು ಭಾವಿಸಿ ಖರ್ಚಿಗೆ ಬಳಸಿದರೆ ಪರಿಣಾಮವೇನಾಗುತ್ತದೆ ಎಂಬುದಕ್ಕೆ ಮುಂದೆ ಹೇಳಲಿರುವ ಚೀನಾದ ಪ್ರಕರಣವೇ ಸಾಕ್ಷಿ.

ಸವಾರರು ಯಾರು?

ಲಂಡನ್ ಯೋಜನೆಯ ಸವಾರಿಗಳ ದಾಖಲೆಯನ್ನು ಆಧರಿಸಿ ಓಗಿಲ್ವಿ ಮತ್ತು ಗುಡ್‌ಮನ್ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಬಗ್ಗೆ ಮುಖ್ಯವಾದ ಮಾಹಿತಿ ನೀಡುತ್ತದೆ. ನೋಂದಾಯಿತರಲ್ಲಿ ಪುರುಷರು ಹಾಗೂ ಅನುಕೂಲಸ್ಥ ಬಡಾವಣೆಗಳ ನಿವಾಸಿಗಳು ಜನಸಂಖ್ಯೆಯಲ್ಲಿನ ತಮ್ಮ ಪಾಲಿಗಿಂತ ಹೆಚ್ಚಾಗಿದ್ದರು. ನೋಂದಾಯಿತ ಮಹಿಳೆಯರು ಪುರುಷರಿಗಿಂತ ತಿಂಗಳಿಗೆ ಸರಾಸರಿ 1.63 ಸವಾರಿ ಕಡಿಮೆ ಮಾಡುತ್ತಿದ್ದರು. ಮೊದಲ ವರ್ಷಗಳಲ್ಲಿ ನೋಂದಾಯಿತರ ಒಟ್ಟು ಸವಾರಿಗಳಲ್ಲಿ ಮಹಿಳೆಯರ ಪಾಲು ಶೇ. 20ನ್ನು ಮುಟ್ಟಿರಲಿಲ್ಲ. ನ್ಯೂಯಾರ್ಕ್ ನಗರದಲ್ಲಿಯೂ ಆರಂಭದ ವರ್ಷಗಳಲ್ಲಿ ವಾರ್ಷಿಕ ಸದಸ್ಯರ ಸವಾರಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಪುರುಷರದೇ ಆಗಿತ್ತು.

ಇದನ್ನು ನೋಡಿ, ಬಾಡಿಗೆ ಸೈಕಲ್ ಎಂಬುದು ಉಳ್ಳವರ ಹವ್ಯಾಸ ಎಂದು ತೀರ್ಮಾನಿಸುವುದು ಅವಸರವಾದೀತು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ಬಡ ಪ್ರದೇಶಗಳ ನಿವಾಸಿಗಳ ಮನೆಯ ಸಮೀಪ ನಿಲ್ದಾಣಗಳು ಇರುವ ಸಂಭವ ಕಡಿಮೆ ಇತ್ತು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಅತಿ ಬಡ ಪ್ರದೇಶಗಳ ಸದಸ್ಯರು ಅತಿ ಅನುಕೂಲಸ್ಥ ಪ್ರದೇಶಗಳ ಸದಸ್ಯರಿಗಿಂತ ತಿಂಗಳಿಗೆ 0.85 ಸವಾರಿ ಹೆಚ್ಚಾಗಿಯೇ ಮಾಡುತ್ತಿದ್ದರು. 2012ರಲ್ಲಿ ಪೂರ್ವ ಲಂಡನ್ನಿನ ಬಡ ಭಾಗಗಳಿಗೆ ಯೋಜನೆಯನ್ನು ವಿಸ್ತರಿಸಲಾಯಿತು. 2010ರಿಂದ 2013ರ ಅವಧಿಯಲ್ಲಿ ನೋಂದಾಯಿತರ ಸವಾರಿಗಳಲ್ಲಿ ಅತಿ ಹಿಂದುಳಿದ ಪ್ರದೇಶಗಳ ನಿವಾಸಿಗಳ ಪಾಲು ಶೇ. 6ರಿಂದ ಶೇ. 12ಕ್ಕೆ ಏರಿತೆಂದು ನಂತರದ ಅಧ್ಯಯನ ತಿಳಿಸುತ್ತದೆ. ಅಂದರೆ ಸೈಕಲ್ ಏರುವವರು ಯಾರೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನಿಲ್ದಾಣವನ್ನು ಎಲ್ಲಿ ಇರಿಸಲಾಗಿದೆ ಎಂಬ ಸಂಗತಿಯೇ.

ಬಳಕೆದಾರರನ್ನು ಮತ್ತೊಂದು ರೀತಿಯಲ್ಲಿಯೂ ವಿಂಗಡಿಸಬಹುದು. ಖಾಯಂ ಸದಸ್ಯನು ವಾರದ ದಿನಗಳಲ್ಲಿ ಬೆಳಿಗ್ಗೆ ಕಚೇರಿ ವೇಳೆಗೆ ಮತ್ತು ಸಂಜೆ ಮನೆಗೆ ಮರಳುವ ವೇಳೆಗೆ ಸೈಕಲ್ ಏರುತ್ತಾನೆ; ಹೆಚ್ಚಿನ ಸವಾರಿಗಳು ಹದಿನೈದು ನಿಮಿಷಗಳೊಳಗೆ ಮುಗಿಯುತ್ತವೆ. ಸಾಂದರ್ಭಿಕ ಗಿರಾಕಿಯು ಬಹುತೇಕ ಪ್ರವಾಸಿ. ಅವನು ಮಧ್ಯಾಹ್ನದ ಹೊತ್ತಿಗೆ ಅಥವಾ ರಜಾ ದಿನಗಳಲ್ಲಿ ಬಂದು, ಹೆಚ್ಚು ಹೊತ್ತು ಸುತ್ತಾಡುತ್ತಾನೆ.

ಹೆಚ್ಚು ಬಳಸುವವನೇ ಕಡಿಮೆ ಕೊಡುವವನು

ಈ ಎರಡು ವರ್ಗಗಳ ನಡುವೆ ಲೆಕ್ಕಪತ್ರದ ದೃಷ್ಟಿಯಿಂದ ಒಂದು ಸೂಕ್ಷ್ಮವಿದೆ. ನ್ಯೂಯಾರ್ಕ್ ಯೋಜನೆ 2013ರಲ್ಲಿ ಆರಂಭವಾದಾಗ ವಾರ್ಷಿಕ ಸದಸ್ಯತ್ವ 95 ಡಾಲರ್ ಇತ್ತು. ಒಂದು ದಿನದ ಪರವಾನಗಿ 9 ಡಾಲರ್ 95 ಸೆಂಟ್. ವರ್ಷಕ್ಕೆ 250 ದಿನ, ದಿನಕ್ಕೆರಡು ಬಾರಿ ಸವಾರಿ ಮಾಡುವ ಸದಸ್ಯನಿಂದ ಒಂದು ಸವಾರಿಗೆ ದೊರೆಯುವುದು 19 ಸೆಂಟ್ ಮಾತ್ರ. ದಿನದಲ್ಲಿ ಮೂರು ಬಾರಿ ಏರುವ ಪ್ರವಾಸಿಯಿಂದ ಒಂದು ಸವಾರಿಗೆ ಮೂರು ಡಾಲರಿಗೂ ಹೆಚ್ಚು ದೊರೆಯುತ್ತದೆ. ವಾರ್ಷಿಕ ಸದಸ್ಯರು ಉತ್ಸಾಹದಿಂದ ಬಂದು ಸೈಕಲ್ಲುಗಳನ್ನು ಚೆನ್ನಾಗಿ ಬಳಸಿದರು. ದಿನದ ಗಿರಾಕಿಗಳು ನಿರೀಕ್ಷಿಸಿದಷ್ಟು ಬರಲಿಲ್ಲ. ಹೀಗಾಗಿ ಸೈಕಲ್ಲುಗಳು ಸದಾ ಓಡುತ್ತಿದ್ದರೂ ನಿರ್ವಾಹಕ ಸಂಸ್ಥೆ ಹಣದ ಮುಗ್ಗಟ್ಟಿಗೆ ಸಿಲುಕಿತು. 2014ರಲ್ಲಿ ಹೊಸ ಬಂಡವಾಳ ತರಬೇಕಾಯಿತು, ವಾರ್ಷಿಕ ಶುಲ್ಕವನ್ನು 149 ಡಾಲರಿಗೆ ಏರಿಸಬೇಕಾಯಿತು. ಆರಂಭದಲ್ಲಿಯೇ 4.1 ಕೋಟಿ ಡಾಲರಿನ ಪ್ರಾಯೋಜಕತ್ವ ನೀಡಿದ್ದ ಸಿಟಿಬ್ಯಾಂಕ್ ಮತ್ತೆ ಕೈಜೋಡಿಸಿತು.

ಬಳಕೆ ಹೆಚ್ಚಿದಷ್ಟೂ ಸವೆತವೂ ಹೆಚ್ಚುತ್ತದೆ. ಆದಕಾರಣ ಸವಾರಿಯ ಸಂಖ್ಯೆಯ ಜೊತೆಗೆ ಪ್ರತಿ ಸವಾರಿಯ ಆದಾಯವನ್ನೂ ನೋಡದಿದ್ದರೆ ಲೆಕ್ಕ ಅಪೂರ್ಣ.

ಯಾವ ಪ್ರಯಾಣಕ್ಕೆ ಬದಲು?

ಬಾಡಿಗೆ ಸೈಕಲ್ಲಿನಿಂದ ಕಾರುಗಳು ಕಡಿಮೆಯಾಗುತ್ತವೆ ಎಂಬುದು ಸಾಮಾನ್ಯ ನಂಬಿಕೆ. ಆಸ್ಟ್ರೇಲಿಯಾದ ಫಿಶ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾರಿನ ಪ್ರಯಾಣಕ್ಕೆ ಬದಲಾದ ಸವಾರಿಗಳು ಮೆಲ್ಬರ್ನ್‌ನಲ್ಲಿ ಶೇ. 19, ವಾಷಿಂಗ್ಟನ್‌ನಲ್ಲಿ ಶೇ. 7, ಲಂಡನ್ನಿನಲ್ಲಿ ಕೇವಲ ಶೇ. 2. ಉಳಿದ ಸವಾರರಲ್ಲಿ ಹೆಚ್ಚಿನವರು ಇಲ್ಲವಾದರೆ ನಡೆದು ಹೋಗುತ್ತಿದ್ದರು ಅಥವಾ ಬಸ್ಸು, ರೈಲು ಹತ್ತುತ್ತಿದ್ದರು. ಬೆಳಗಿನ ಹೊತ್ತು ಸೈಕಲ್ಲುಗಳೆಲ್ಲ ಕಚೇರಿಗಳಿರುವ ಕಡೆಗೆ ಹರಿದುಹೋಗುವುದರಿಂದ ಅವನ್ನು ಮತ್ತೆ ವಸತಿ ಬಡಾವಣೆಗಳಿಗೆ ಲಾರಿಗಳಲ್ಲಿ ಸಾಗಿಸಬೇಕಾಗುತ್ತದೆ. ಲಂಡನ್ನಿನಲ್ಲಿ ಕಡಿತಗೊಂಡ ಪ್ರತಿ ಒಂದು ಕಿಲೋಮೀಟರ್ ಕಾರು ಪ್ರಯಾಣಕ್ಕೆ ಪ್ರತಿಯಾಗಿ ಇಂತಹ ವಾಹನಗಳು 2.2 ಕಿಲೋಮೀಟರ್ ಓಡುತ್ತಿದ್ದವೆಂದು ಅದೇ ಅಧ್ಯಯನ ಕಂಡುಕೊಂಡಿತು. ಈ ಮರುಹಂಚಿಕೆಯ ಖರ್ಚು ನಿರ್ವಹಣಾ ವೆಚ್ಚದ ದೊಡ್ಡ ಬಾಬ್ತುಗಳಲ್ಲೊಂದು.

ಚೀನಾದ ಪಾಠ

2014ರಲ್ಲಿ ಬೀಜಿಂಗ್‌ನ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಹುಟ್ಟಿದ ‘ಓಫೋ’ ಕಂಪನಿಯು ನಿಲ್ದಾಣವಿಲ್ಲದ ಸೈಕಲ್ಲುಗಳನ್ನು ಚೀನಾದ ನಗರಗಳಲ್ಲಿ ಲಕ್ಷಗಟ್ಟಲೆ ಇಳಿಸಿತು. ಪ್ರತಿಸ್ಪರ್ಧಿ ‘ಮೊಬೈಕ್’ ಕೂಡ ಅದೇ ವೇಗದಲ್ಲಿ ಬೆಳೆಯಿತು. ಗಿರಾಕಿಗಳಿಂದ ಓಫೋ ಮೊದಲಿಗೆ 99 ಯುವಾನ್, ಅನಂತರ 199 ಯುವಾನ್ ಠೇವಣಿ ಪಡೆಯುತ್ತಿತ್ತು. ಯಾರ ಸೈಕಲ್ಲುಗಳು ಬೀದಿಯಲ್ಲಿ ಹೆಚ್ಚು ಎಂಬ ಪೈಪೋಟಿ ನಡೆಯಿತೇ ಹೊರತು, ಒಂದು ಸೈಕಲ್ ದಿನಕ್ಕೆ ಎಷ್ಟು ದುಡಿಯುತ್ತದೆ ಎಂಬ ಪ್ರಶ್ನೆ ಹಿಂದೆ ಬಿತ್ತು. ಸೈಕಲ್ಲುಗಳ ಸಂಖ್ಯೆ ಏರಿದಂತೆಲ್ಲ ಒಂದೊಂದಕ್ಕೆ ಸಿಗುವ ಸವಾರಿ ಇಳಿಯುವುದು ಸಹಜ. 2018ರ ಡಿಸೆಂಬರ್ ವೇಳೆಗೆ ಒಂದು ಕೋಟಿಗೂ ಹೆಚ್ಚು ಗಿರಾಕಿಗಳು ಠೇವಣಿ ಹಿಂಪಡೆಯಲು ಓಫೋದ ಸರದಿಯಲ್ಲಿ ನಿಂತಿದ್ದರು. ತಲಾ 99 ಯುವಾನ್ ಎಂದು ಹಿಡಿದರೂ ಇದು ಸುಮಾರು ನೂರು ಕೋಟಿ ಯುವಾನ್.

ತಯಾರಕರು ಗಮನಿಸಬೇಕಾದ ಭಾಗ ಇನ್ನೊಂದಿದೆ. ಶಾಂಘೈನ ಹಳೆಯ ಹೆಸರಾಂತ ಸೈಕಲ್ ಕಂಪನಿ ‘ಫೀನಿಕ್ಸ್’ 2017ರಲ್ಲಿ ಓಫೋಗೆ 50 ಲಕ್ಷ ಸೈಕಲ್ಲುಗಳನ್ನು ಪೂರೈಸುವ ಒಪ್ಪಂದ ಮಾಡಿಕೊಂಡಿತ್ತು. 2018ರಲ್ಲಿ ಅದೇ ಕಂಪನಿ 6.8 ಕೋಟಿ ಯುವಾನ್ ಬಾಕಿಗಾಗಿ ಓಫೋ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು. ತಿಯಾಂಜಿನ್ ಬಳಿಯ ಸೈಕಲ್ ತಯಾರಿಕಾ ಊರಾದ ವಾಂಗ್‌ಚಿಂಗ್‌ತುವೊದಲ್ಲಿ ಈ ಬೇಡಿಕೆಯನ್ನೇ ನೆಚ್ಚಿದ್ದ ಸಣ್ಣ ಕಾರ್ಖಾನೆಗಳು ಬಾಗಿಲು ಹಾಕಿದವು. ಒಬ್ಬನೇ ದೊಡ್ಡ ಖರೀದಿದಾರನ ಆದೇಶವನ್ನು ನಂಬಿ ಯಂತ್ರ, ಕಚ್ಚಾ ಸಾಮಗ್ರಿ ಮತ್ತು ಸಾಲವನ್ನು ವಿಸ್ತರಿಸಿಕೊಂಡವರಿಗೆ, ಆ ಖರೀದಿದಾರನ ಸೈಕಲ್ಲುಗಳು ಎಷ್ಟು ಓಡುತ್ತಿವೆ ಎಂಬ ಅರಿವು ಇದ್ದಿದ್ದರೆ ಎಚ್ಚರಿಕೆಯ ಗಂಟೆ ಮೊದಲೇ ಕೇಳಿಸುತ್ತಿತ್ತು.

ಕರ್ನಾಟಕದ ಅನುಭವ

ಮೈಸೂರಿನ ‘ಟ್ರಿಣ್ ಟ್ರಿಣ್’ ಯೋಜನೆ 2017ರ ಜೂನ್‌ನಲ್ಲಿ 450 ಸೈಕಲ್ಲು, 48 ನಿಲ್ದಾಣಗಳೊಂದಿಗೆ ಆರಂಭವಾಯಿತು. ಮೇಲೆ ಹೇಳಿದ ಮಾನದಂಡದಂತೆ ಇಷ್ಟು ಸೈಕಲ್ಲುಗಳಿಗೆ ದಿನಕ್ಕೆ ಕನಿಷ್ಠ 1,800 ಸವಾರಿಗಳು ಬೇಕು. ದಿನಕ್ಕೆರಡು ಬಾರಿ ಏರುವ 900 ಜನರಿದ್ದರೆ ಅದು ಸಾಧ್ಯ. 2011ರ ಜನಗಣತಿಯಂತೆ ಸುಮಾರು 9 ಲಕ್ಷ ಜನರಿದ್ದ ನಗರದಲ್ಲಿ ಇದು ಸಾವಿರಕ್ಕೊಬ್ಬರು. ಯೋಜನೆಯೊಂದು ಉಳಿಯಲು ಇಡೀ ನಗರವೇ ಸೈಕಲ್ ಏರಬೇಕಾಗಿಲ್ಲ. ತಪ್ಪದೆ ಬರುವ ಸಣ್ಣದೊಂದು ಸಮೂಹ ಸಾಕು. ಆದರೆ ಆ ಸಮೂಹವು ಯಾವ ಬಡಾವಣೆಯಲ್ಲಿದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ಗುರುತಿಸಿರಬೇಕು.

ಬೆಂಗಳೂರಿನ ಅನುಭವ ಇನ್ನೊಂದು ದಿಕ್ಕಿನದು. 2017–18ರಲ್ಲಿ ಹಲವು ಖಾಸಗಿ ಕಂಪನಿಗಳು ತುಳಿಯುವ ಸೈಕಲ್ಲುಗಳನ್ನು ಬಾಡಿಗೆಗೆ ಇಳಿಸಿದವು, ಹೆಚ್ಚಿನವು ಬಾಳಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ‘ಯುಲು’ 2019ರಲ್ಲಿ ಬ್ಯಾಟರಿ ಚಾಲಿತ, ಕಡಿಮೆ ವೇಗದ ದ್ವಿಚಕ್ರಗಳತ್ತ ಹೊರಳಿತು. ಬಜಾಜ್ ಆಟೋ ಅದರಲ್ಲಿ ಬಂಡವಾಳ ಹೂಡಿತು. ಮೆಟ್ರೋ ನಿಲ್ದಾಣದಿಂದ ಕಚೇರಿಗೆ ಹೋಗುವವರಿಗಾಗಿ ಆರಂಭವಾದ ಈ ಸೇವೆಯ ಮುಖ್ಯ ಗಿರಾಕಿಗಳಾಗಿ ಕ್ರಮೇಣ ಮುಂದೆ ಬಂದವರು, ಮನೆಮನೆಗೆ ಊಟ ಹಾಗೂ ದಿನಸಿ ತಲುಪಿಸುವ ಕೆಲಸಗಾರರು. ಇವರು ವಾಹನವನ್ನು ಹತ್ತು ನಿಮಿಷಕ್ಕಲ್ಲ, ದಿನಕ್ಕೆ ಅಥವಾ ವಾರಕ್ಕೆ ಬಾಡಿಗೆ ಪಡೆಯುತ್ತಾರೆ. ವಾಹನ ದಿನದ ಬಹುಭಾಗ ದುಡಿಯುತ್ತದೆ; ಮರುಹಂಚಿಕೆಯ ಖರ್ಚೂ ತಗ್ಗುತ್ತದೆ. ಯೋಜಿಸಿದವರು ಊಹಿಸಿದ ಗಿರಾಕಿಯೇ ಬೇರೆ, ನಿಜವಾಗಿ ಹಣ ಕೊಟ್ಟು ನಿತ್ಯ ಬಳಸಿದ ಗಿರಾಕಿಯೇ ಬೇರೆ. ಅದನ್ನು ಸಕಾಲದಲ್ಲಿ ಗುರುತಿಸಿ ವ್ಯವಹಾರವನ್ನು ತಿದ್ದಿಕೊಂಡುದರಲ್ಲಿ ಎಲ್ಲ ವರ್ತಕರಿಗೂ ಪಾಠವಿದೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಪೂರೈಕೆದಾರರು: ಖರೀದಿದಾರ ಸಂಸ್ಥೆಯಿಂದ ನೋಂದಣಿಯ ಸಂಖ್ಯೆಯ ಬದಲು, ದಿನಕ್ಕೆ ಒಂದು ಸೈಕಲ್ಲಿಗೆ ಆಗುವ ಸವಾರಿಯ ಕಳೆದ ಹನ್ನೆರಡು ತಿಂಗಳ ಅಂಕಿಗಳನ್ನು ಕೇಳಬೇಕು. ಒಟ್ಟು ಮಾರಾಟದಲ್ಲಿ ಒಬ್ಬನೇ ಖರೀದಿದಾರನ ಪಾಲಿಗೆ ಮಿತಿ ಹಾಕಿಕೊಳ್ಳಬೇಕು. ಸರಕು ಕಂತಿನಲ್ಲಿ ಹೋದರೆ ಹಣವೂ ಕಂತಿನಲ್ಲಿ ಬರುವಂತೆ ಕರಾರು ಇರಬೇಕು.

2. ಗುತ್ತಿಗೆದಾರರು ಮತ್ತು ಪಾಲುದಾರರು: ಗಿರಾಕಿಗಳ ಠೇವಣಿಯು ಪ್ರತ್ಯೇಕ ಖಾತೆಯಲ್ಲಿದೆಯೇ, ಆಸ್ತಿ–ಹೊಣೆ ತಖ್ತೆಯಲ್ಲಿ ಹೊಣೆಯಾಗಿ ತೋರಿಸಲಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು. ನಗರಾಡಳಿತದ ಅನುದಾನ ಎಷ್ಟು ವರ್ಷಗಳವರೆಗೆ ಎಂಬುದೂ ಲಿಖಿತವಾಗಿರಬೇಕು.

3. ಪ್ರಾಯೋಜಕರು: ಜಾಹೀರಾತು ಹೊತ್ತ ಸೈಕಲ್ ನಿಂತಲ್ಲೇ ನಿಂತು ತುಕ್ಕು ಹಿಡಿದರೆ ಅಂಗಡಿಯ ಹೆಸರಿಗೇ ಕುಂದು. ಆದ್ದರಿಂದ ಶುಲ್ಕದ ಒಂದು ಭಾಗವನ್ನಾದರೂ ಸುಸ್ಥಿತಿಯಲ್ಲಿರುವ ಸೈಕಲ್ಲುಗಳ ಸಂಖ್ಯೆಗೆ ಜೋಡಿಸುವುದು ಒಳಿತು.

4. ಕೈಗಾರಿಕಾ ಪ್ರದೇಶಗಳ ಮಾಲೀಕರು: ದಿನಕ್ಕೆರಡು ಬಾರಿ ತಪ್ಪದೆ ಪ್ರಯಾಣ ಮಾಡುವ ಸಮೂಹ ಅವರ ಕಾರ್ಖಾನೆಗಳಲ್ಲಿಯೇ ಇದೆ. ಪೀಣ್ಯದಂತಹ ಪ್ರದೇಶದಲ್ಲಿ ಮೆಟ್ರೋ ಅಥವಾ ಬಸ್ ನಿಲ್ದಾಣದಿಂದ ಕಾರ್ಖಾನೆಯ ಬಾಗಿಲಿನವರೆಗಿನ ಒಂದೆರಡು ಕಿಲೋಮೀಟರ್ ದಾರಿಗೆ ಈ ವ್ಯವಸ್ಥೆ ಹೇಳಿ ಮಾಡಿಸಿದಂತಹುದು. ಪಾಳಿಯ ವೇಳೆ, ಬೀದಿ ದೀಪ ಮತ್ತು ರಸ್ತೆಯ ಸುರಕ್ಷತೆಯ ಕುರಿತು ಮಹಿಳಾ ಕಾರ್ಮಿಕರನ್ನು ಕೇಳಿಯೇ ನಿಲ್ದಾಣದ ಸ್ಥಳ ನಿರ್ಧರಿಸಬೇಕು.

5. ಪೇಟೆಯ ವರ್ತಕರು: ಅಂಗಡಿಯ ಮುಂದೆ ನಿಲ್ದಾಣ ಬಂದರೆ ವಾಹನ ನಿಲುಗಡೆಯ ಜಾಗ ಹೋಗುವುದೆಂಬ ಆತಂಕ ಸಹಜ. ಅಲ್ಲಿ ದಿನಕ್ಕೆ ಎಷ್ಟು ಜನ ಇಳಿಯುತ್ತಾರೆ, ಯಾವ ವೇಳೆಯಲ್ಲಿ ಇಳಿಯುತ್ತಾರೆ ಎಂಬ ಅಂಕಿಗಳನ್ನು ನಿರ್ವಾಹಕರಿಂದ ಕೇಳಿ ಪಡೆದು, ಅನಂತರ ಒಪ್ಪಿಗೆಯನ್ನೋ ಆಕ್ಷೇಪಣೆಯನ್ನೋ ಸಲ್ಲಿಸುವುದು ಸೂಕ್ತ. ಪ್ರತಿ ಸವಾರಿಯೂ ಗಣಕಯಂತ್ರದಲ್ಲಿ ದಾಖಲಾಗುವುದರಿಂದ ಈ ಮಾಹಿತಿ ಒದಗಿಸುವುದು ಕಷ್ಟವಲ್ಲ. ನ್ಯೂಯಾರ್ಕ್ ಯೋಜನೆಯ ಸವಾರಿಗಳ ವಿವರ ಸಾರ್ವಜನಿಕರಿಗೆ ಮುಕ್ತವಾಗಿ ದೊರೆಯುತ್ತದೆ.

ನಗರಸಭೆಗಳೂ ಮಹಾನಗರ ಪಾಲಿಕೆಗಳೂ ಬಾಡಿಗೆ ಸೈಕಲ್ ಯೋಜನೆಗಳಿಗೆ ಟೆಂಡರ್ ಕರೆಯುವಾಗ ಸೈಕಲ್ಲುಗಳ ಸಂಖ್ಯೆ, ನಿಲ್ದಾಣಗಳ ಸಂಖ್ಯೆ, ಯೋಜನಾ ವೆಚ್ಚ ಇವು ಮುಖಪುಟದಲ್ಲಿರುತ್ತವೆ. ಸವಾರಿಯ ಅಂದಾಜು ಎಲ್ಲೋ ಅನುಬಂಧದಲ್ಲಿರುತ್ತದೆ, ಅಥವಾ ಇರುವುದೇ ಇಲ್ಲ. ಟೆಂಡರಿಗೆ ದರ ನಮೂದಿಸುವ ಮೊದಲು ಉದ್ಯಮಿಯು ಆ ಅಂದಾಜನ್ನೇ ಮೊದಲು ಓದಬೇಕು; ಇಲ್ಲವಾದಲ್ಲಿ ಪೂರ್ವಭಾವಿ ಸಭೆಯಲ್ಲಿ ಅದನ್ನು ಲಿಖಿತವಾಗಿ ಕೇಳಬೇಕು.